ರೊಟ್ಟಿ ಬಡಿಯುವ ಸಪ್ಪಳ

ಗಂಗಾವತಿಯ ಮೊದಲ ಬೆಳಗು ನನ್ನನ್ನು ಎಬ್ಬಿಸಲೇ ಇಲ್ಲ. ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು. ಹೊಸ ಟೀಚರು ಮೊದಲ ದಿನವೇ ಶಾಲೆಗೆ ತಡ! ನಮ್ಮ ತಾವರಗೇರಾದಲ್ಲಿ ಅಲಾರಾಂ ಯಾರಿಗೆ ಬೇಕು? ನಸುಕಿಗೇ ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಒಂದು ಮನೆ ಸುಮ್ಮನಿದ್ದರೆ ಪಕ್ಕದವರು ಹಣಿಕಿ ಹಾಕಿ, "ಯಾಕ್ರಿ, ಆರಾಮ ಇಲ್ಲೇನು?" ಎನ್ನುತ್ತಾರೆ. ಗಂಗಾವತಿಯೋ ಕಾಲುವೆಯ ಸೀಮೆ, ಅನ್ನದ ಊರು. ಕುಕ್ಕರ್ ಸೀಟಿ ಹೊಡೆದರೆ ಅಡುಗೆ ಮುಗಿಯಿತು. ಸೀಟಿ ಕೇಳಿ ಯಾರು ಯಾರನ್ನು ವಿಚಾರಿಸುತ್ತಾರೆ?

ಕೊಪ್ಪಳ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನೌಕರಿಗೆಂದು ಒಬ್ಬಳೇ ಬಂದಿದ್ದೆ. ಊರೇನೂ ದೂರವಲ್ಲ, ಆದರೂ ಸಂಜೆಯಾದರೆ ಊರ ಕಡೆಗೆ ಹೋಗುವ ಬಸ್ಸನ್ನೇ ನೋಡುತ್ತ ನಿಲ್ಲುತ್ತಿದ್ದೆ. ಫೋನಿನಲ್ಲಿ ಅವ್ವ ಕೇಳುತ್ತಿದ್ದುದು ಒಂದೇ: "ನಿನಗೇನರ ಆದ್ರ ನೋಡಾಕ ಓಣ್ಯಾಗ ಯಾರರ ಅದಾರೇನ?" ನನ್ನ ಭಯವೂ ಅದೇ.

ಆದರೆ ನಾನೂ ಹಟಮಾರಿಯೇ. ಮರುದಿನದಿಂದ ನಸುಕಿಗೆದ್ದು ರೊಟ್ಟಿ ಬಡಿದೆ. ಪಕ್ಕದ ಮನೆಯ ಸುಬ್ಬಮ್ಮ ಬಾಗಿಲಿಗೇ ಬಂದರು. ಆಂಧ್ರದಿಂದ ಗದ್ದೆ ಮಾಡಲು ಬಂದವರು ಕಟ್ಟಿಕೊಂಡ ಊರಿಗೆ ಇಲ್ಲಿ ಕ್ಯಾಂಪ್ ಎನ್ನುತ್ತಾರೆ. ಆಕೆ ಬೆಳೆದದ್ದು ಅಂಥದೊಂದು ಕ್ಯಾಂಪಿನಲ್ಲಿ.

"ಏಮ್ಮಾ ಟೀಚರಮ್ಮ, ಬೆಳಬೆಳಗ್ಗೆ ಗ್ವಾಡಿ ಒಡ್ಯಾಕತ್ತೀಯೇನು?"

ಸಿಟ್ಟು ಬಂತು, ನಗುವೂ ಬಂತು. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟೆ. ಸಂಜೆ ಅದೇ ತಾಟಿನಲ್ಲಿ ಗೋಂಗೂರ ಎಂಬ ಹುಳಿಸೊಪ್ಪಿನ ಪಲ್ಯ ಬಂತು. ಬಾಯಿಗಿಟ್ಟರೆ ಏನು, ನಮ್ಮ ಪುಂಡಿಪಲ್ಯವೇ!

ಮಳೆಗಾಲದಲ್ಲಿ ಜ್ವರ ಬಂದು ಏಳಲಾಗದೆ ಬಿದ್ದುಕೊಂಡೆ. ಬೆಳಿಗ್ಗೆ ಯಾರೋ ಬಾಗಿಲು ಬಡಿದರು.

"ಇವತ್ತು ಸಪ್ಪಳಾನೇ ಬರಲಿಲ್ಲ. ಏನಾಯ್ತಮ್ಮಾ?"

ನಾನು ಅತ್ತುಬಿಟ್ಟೆ. ಜ್ವರದ ಸಂಕಟವೆಂದುಕೊಂಡು ಸುಬ್ಬಮ್ಮ ಗಂಜಿ ಕಾಯಿಸಿ ತಂದರು. ಅಂದಿನಿಂದ ಅವ್ವನಿಗೆ ಧೈರ್ಯವಾಗಿ ಹೇಳತೊಡಗಿದೆ, "ಅದಾರವ್ವ" ಎಂದು.

ವರ್ಷಗಳು ಉರುಳಿದವು. ಈಗ ತಾವರಗೇರಾಕ್ಕೆ ಹೋದರೆ ನಸುಕಿಗೆ ಎಚ್ಚರವಾಗಿ ಕಿವಿಗೊಟ್ಟು ಮಲಗಿರುತ್ತೇನೆ. ಸಪ್ಪಳ ಒಂದೆರಡು ಮನೆಗಳದ್ದು ಮಾತ್ರ. ಉಳಿದವರು ಅಂಗಡಿಯಿಂದ ರೊಟ್ಟಿ ತರುತ್ತಾರೆ. ಆ ಹಳೆಯ ಬೆಳಗು ನನಗೆ ಇನ್ನೆಲ್ಲಿ ಸಿಗಬೇಕು? ಹೋದ ಸಲ ಅಲ್ಲಿದ್ದಾಗ ಸುಬ್ಬಮ್ಮನ ಫೋನು ಬಂತು.

"ಯಾವಾಗ ಬರ್ತೀಯಮ್ಮಾ? ನೀನಿಲ್ದೆ ಬೆಳಗ್ಗೆ ಎಚ್ಚರಾನೇ ಆಗವಲ್ದು."

"ನಾಳೆ ಮನಿಗೆ ಬರ್ತೀನ್ರಿ" ಎಂದೆ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಮತ್ತ ಇದು ಯಾರ ಮನಿ?" ಎಂದಳು.

ಅವಳ ಪಕ್ಕ ಕೂತು ಉಳಿದ ಹಿಟ್ಟನ್ನು ನಾನೇ ಬಡಿದೆ, ಇಡೀ ಓಣಿಗೆ ಕೇಳುವ ಹಾಗೆ.