ನಲವತ್ತೊಂದನೇ ಟೇಪು

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ, ಕೋಣೆಯಲ್ಲಿ ಎರಡು ಮೇಜು, ಎರಡು ಮೇಜಿನ ಮುಂದೆ ಇಬ್ಬರು ಓರಗಿತ್ತಿಯರು. ಅಣ್ಣನ ಹೆಂಡತಿಯೊಬ್ಬಳು, ತಮ್ಮನ ಹೆಂಡತಿಯೊಬ್ಬಳು. ಇರುವುದು ಒಂದೇ ಮನೆ, ಬರುವುದು ಒಂದೇ ಬಸ್ಸು, ಕೂರುವುದು ಮಾತ್ರ ಬೇರೆ ಬೇರೆ ಸೀಟು. ಮಾತು ಬಿಟ್ಟು ಮೂರು ವರ್ಷವಾಗಿತ್ತು. ಏನಾದರೂ ತಿಳಿಸಲೇಬೇಕಾದರೆ ಚೀಟಿ. ಮನೆಯಲ್ಲಿ ಹಾಲಿನ ಪಾತ್ರೆಯ ಕೆಳಗೆ, ಇಲ್ಲಿ ಕೀಬೋರ್ಡಿನ ಮೇಲೆ.

ದೊಡ್ಡವಳಿಗೆ ಆಸ್ಪತ್ರೆಯಲ್ಲಿ ಟೇಪಮ್ಮ ಎಂದೇ ಹೆಸರು. ರೋಗಿಗಳ ಸ್ಕ್ಯಾನ್ ಚಿತ್ರಗಳನ್ನು ಟೇಪಿಗೆ ಇಳಿಸಿ ಕಾಯುವುದು ಅವಳ ಹನ್ನೊಂದು ವರ್ಷದ ಕೆಲಸ. ಟೇಪು ಎಂದರೆ ಹಾಡಿನ ಕ್ಯಾಸೆಟ್ಟು ಅಂದುಕೊಂಡೀರಿ, ಅಲ್ಲ. ಅಂಗೈಯಗಲದ ಕಪ್ಪು ಡಬ್ಬಿ, ಒಳಗೆ ಎಂಟುನೂರು ಮೀಟರಿಗೂ ಮೀರಿದ ಪಟ್ಟಿ, ಒಂದೊಂದರಲ್ಲಿ ಸಾವಿರಾರು ಜನರ ಎದೆ, ತಲೆ, ಬೆನ್ನುಮೂಳೆ. ಟೇಪು ತುಂಬಿದ ಕೂಡಲೇ ಅದರ ಮೂಲೆಯ ಪುಟ್ಟ ಕೆಂಪು ಗುಂಡಿಯನ್ನು ಉಗುರಿನಿಂದ ಸರಿಸಿ ಬೀಗ ಹಾಕುತ್ತಿದ್ದಳು. ಆಮೇಲೆ ಅದನ್ನು ಓದಬಹುದು, ಅಳಿಸಲಾಗದು. ಕಪಾಟಿಗಿಡುವ ಮುಂಚೆ ಇನ್ನೊಮ್ಮೆ ನೋಡುತ್ತಿದ್ದಳು, ಇಟ್ಟ ಮೇಲೆ ತೆಗೆದು ಮತ್ತೊಮ್ಮೆ. ಡಾಕ್ಟರುಗಳು ನಗುತ್ತಿದ್ದರು, ಅವಳು ಕ್ಯಾರೇ ಅನ್ನುತ್ತಿರಲಿಲ್ಲ.

ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥರು ಬೇಕಂತೆ ಎಂಬ ಸುದ್ದಿಯನ್ನು ಮನೆಗೆ ತಂದವಳೂ ಅವಳೇ. ಅಷ್ಟು ಓದಿದವಳು ಮನೆಯಲ್ಲಿ ಕೂತು ಕೊಳೆಯುವುದೇಕೆ ಎಂದು ಮೈದುನನ ಹೆಂಡತಿಯ ಕೈಯಲ್ಲಿ ಅರ್ಜಿ ಬರೆಸಿದಳು. ಚಿಕ್ಕವಳು ಸೇರಿದ ಮೊದಲ ವಾರವೇ ನಾಲ್ಕು ಜನರೆದುರು, "ಇದೇನಕ್ಕಾ, ಗುಜರಿ ಅಂಗಡಿ ಇದ್ದ ಹಾಗಿದೆ," ಅಂದುಬಿಟ್ಟಳು. ಕರೆತಂದು ಕೂರಿಸಿದ ತಪ್ಪಿಗೆ ಕೇಳಬೇಕಾದ ಮಾತೇ ಇದು? ದೊಡ್ಡವಳ ಮೈಯೆಲ್ಲ ಉರಿದುಹೋಯಿತು. ಅವತ್ತೇ ಮಾತು ಬಿಟ್ಟಳು. ಯಾವ ಟೇಪನ್ನು ಹೇಗೆ ಬರೆದದ್ದು, ಹೇಗೆ ಓದಬೇಕು, ಯಾರ ಸ್ಕ್ಯಾನ್ ಎಲ್ಲಿದೆ ಎಂದು ತಾನು ಗುರುತು ಹಾಕಿಟ್ಟಿದ್ದ ನೀಲಿ ರಟ್ಟಿನ ನೋಟ್‌ಬುಕ್ಕನ್ನು ಕಪಾಟಿನಿಂದ ತೆಗೆದು ಕೈಚೀಲಕ್ಕೆ ಸೇರಿಸಿದಳು. ಗುಜರಿಗೆ ಪುಸ್ತಕ ಬೇರೆ ಕೇಡು.

ಈಗ ಅತ್ತೆಯ ವಿಷಯಕ್ಕೆ ಬರೋಣ. ಅತ್ತೆಗೆ ಬಿಡದ ಕೆಮ್ಮು. ಸ್ಕ್ಯಾನ್ ಮಾಡಿಸಿದರೆ ಶ್ವಾಸಕೋಶದಲ್ಲಿ ಒಂದು ಮಚ್ಚೆ. ಮರುದಿನ ಬೆಳಗ್ಗೆಯೇ ಆಪರೇಷನ್ ಎಂದು ಗೊತ್ತಾಯಿತು.

"ಏಳು ವರ್ಷದ ಹಿಂದೆ ಇಲ್ಲೇ ಸ್ಕ್ಯಾನ್ ಮಾಡಿಸಿದ್ರಂತಲ್ಲ, ಅದು ಬೇಕು," ಅಂದರು ಡಾಕ್ಟರು. "ಮಚ್ಚೆ ಆಗಲೂ ಇಷ್ಟೇ ಇದ್ದಿದ್ರೆ ಕೊಯ್ಯೋದೇ ಬೇಡ. ಈ ವಯಸ್ಸಲ್ಲಿ ಎದೆ ತೆರೆದ್ರೆ ಎದ್ದು ಕೂರ್ತಾರೆ ಅಂತ ನಾನು ಮಾತು ಕೊಡಲ್ಲ. ಇವತ್ತು ಮೂರು ಗಂಟೆ ಒಳಗೆ ತಂದುಕೊಡಿ."

ಡಬ್ಬಿಗಳ ಮೇಲೆ ಬರೆದಿದ್ದ ತಾರೀಖಿನ ಪ್ರಕಾರ ಆ ಸ್ಕ್ಯಾನ್ ಇದ್ದದ್ದು ನಲವತ್ತೊಂದನೇ ಟೇಪಿನಲ್ಲಿ. ಟೇಪು ಓದುತ್ತಿದ್ದ ಹಳೆಯ ಕಂಪ್ಯೂಟರ್ ಹಿಂದಿನ ತಿಂಗಳೇ ಸುಟ್ಟುಹೋಗಿತ್ತು. ಹೊಸದು ಲಿನಕ್ಸ್ ಯಂತ್ರ. ಟೇಪನ್ನು ಪೆನ್‌ಡ್ರೈವಿನ ಹಾಗೆ ಪರದೆಯ ಮೇಲೆ ತೆರೆದು ತೋರಿಸುವ ಹೊಸ ತಂತ್ರಾಂಶ ಬಂದಿತ್ತು, ಹಾಕಿರಲಿಲ್ಲ.

ಚಿಕ್ಕವಳು ಒಂಬತ್ತಕ್ಕೆ ಹಾಕಲು ಕೂತಳು. ಲೈಬ್ರರಿ ಎಂಬ ಪೂರಕ ಕಡತವೊಂದು ಇಲ್ಲ ಎಂದಿತು ಯಂತ್ರ. ತಂದು ಹಾಕಿದರೆ ಇದು ಹಳೆಯದು, ಹೊಸದು ಬೇಕು ಎಂದಿತು. ತಂತ್ರಾಂಶ ಕಟ್ಟುವ ಕಂಪೈಲ್ ಕೆಲಸ ಅರ್ಧಕ್ಕೆ ನಿಂತು ಪರದೆ ತುಂಬ ತಪ್ಪುಗಳನ್ನು ಕಾರಿತು. ಕೊನೆಗೆ ಎಲ್ಲ ಸರಿಹೋಯಿತು ಅನ್ನುವಾಗ ಟೇಪು ಓದುವ ಡ್ರೈವೇ ಯಂತ್ರಕ್ಕೆ ಕಾಣಿಸದು. ಲಿನಕ್ಸಿನಲ್ಲಿ ಆ ಡ್ರೈವಿಗೆ ಎರಡು ಹೆಸರು, ಈ ತಂತ್ರಾಂಶಕ್ಕೆ ಬೇಕಾದದ್ದು ಎರಡನೆಯದು. ಬೆನ್ನು ತಿರುಗಿಸಿ ಕೂತಿದ್ದ ದೊಡ್ಡವಳಿಗೆ ಅದು ಗೊತ್ತಿತ್ತು. ತುಟಿ ಬಿಚ್ಚಲಿಲ್ಲ. ಒದ್ದಾಡಲಿ, ಎರಡು ಗಂಟೆಗೆ ನಾನೇ ಎದ್ದು ಕಾಲು ಗಂಟೆಯಲ್ಲಿ ತೆಗೆದುಕೊಟ್ಟು ಡಾಕ್ಟರ ಎದುರೇ ಇವಳ ಜಂಭ ಇಳಿಸುತ್ತೇನೆ ಎಂಬ ಲೆಕ್ಕಾಚಾರ ಅವಳದು.

ಒಂದೂವರೆಗೆ ಚಿಕ್ಕವಳು ಡ್ರೈವಿನ ಹೆಸರು ತಾನೇ ಕಂಡುಕೊಂಡಳು. ನಲವತ್ತೊಂದನ್ನು ಹಾಕಿದಳು. ಈ ಟೇಪು ಫಾರ್ಮ್ಯಾಟ್ ಆಗಿಲ್ಲ ಎಂದಿತು ಯಂತ್ರ. ಪಕ್ಕದ ನಲವತ್ತು, ನಲವತ್ತೆರಡು ಹಾಕಿದರೂ ಅದೇ ರಾಗ. ಅವಳು ಗಂಡನಿಗೆ ಫೋನ್ ಮಾಡಿ, ದೊಡ್ಡವಳಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು.

"ಎಲ್ಲಾ ಖಾಲಿ ರೀ. ಹನ್ನೊಂದು ವರ್ಷದಿಂದ ನಿಮ್ಮತ್ತಿಗೆ ಖಾಲಿ ಡಬ್ಬಿ ಕಾಯ್ತಿದ್ದಾರೆ."

ಹಾಗೆ ನಂಬುವುದು ಅವಳಿಗೆ ಇಷ್ಟವಿತ್ತು, ನಂಬಿದಳು. ಫಾರ್ಮ್ಯಾಟ್ ಮಾಡಿದರೆ ಮುಂದಿನ ಬ್ಯಾಕಪ್ಪಿಗಾದರೂ ಆದೀತು ಎಂದು ನಲವತ್ತೊಂದನ್ನೇ ಮತ್ತೆ ತುರುಕಿ ಆಜ್ಞೆ ಕೊಟ್ಟಳು. ಬೀಗ ಹಾಕಿದೆ, ಆಗದು ಎಂದಿತು ಯಂತ್ರ. ಟೇಪನ್ನು ಹೊರತೆಗೆದು ಕೆಂಪು ಗುಂಡಿಯನ್ನು ಹೆಬ್ಬೆರಳಿನ ಉಗುರಿನಿಂದ ಹಿಂದಕ್ಕೆ ತಳ್ಳಿದಳು.

ಟಿಕ್ ಎಂದಿತು. ಆ ಸದ್ದು ದೊಡ್ಡವಳಿಗೆ ಗೊತ್ತಿರದಿದ್ದರೆ ಇನ್ನಾರಿಗೆ ಗೊತ್ತಿರಬೇಕು? ಕುರ್ಚಿ ಬಿದ್ದರೂ ನೋಡದೆ ಬಂದು ಟೇಪನ್ನು ಕಿತ್ತುಕೊಂಡಳು.

"ತೆಗಿ ಕೈ."

"ಖಾಲಿ ಅಕ್ಕ ಅದು. ಯಂತ್ರಾನೇ ಹೇಳ್ತಿದೆ."

"ಯಂತ್ರಕ್ಕೇನು ಗೊತ್ತು? ಇದು ಹಳೇ ರೀತೀಲಿ ಬರೆದಿದ್ದು. ನಿನ್ನ ಹೊಸ ತಂತ್ರಾಂಶಕ್ಕೆ ತನ್ನ ರೀತೀಲಿ ಫಾರ್ಮ್ಯಾಟ್ ಮಾಡಿದ್ದು ಬಿಟ್ರೆ ಬೇರೆ ಓದಕ್ಕೆ ಬರಲ್ಲ. ಇನ್ನೊಂದು ಸಲ ಒತ್ತಿದ್ದಿದ್ರೆ ಅತ್ತೆ ಸ್ಕ್ಯಾನು ಅಳಿಸಿಹೋಗ್ತಿತ್ತು."

ಚಿಕ್ಕವಳ ಮುಖ ಬಿಳಿಚಿಕೊಂಡಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ನಂಗೆ ಹೇಗೆ ಗೊತ್ತಾಗಬೇಕು? ಎಲ್ಲಿ ಬರೆದಿದೆ?"

ದೊಡ್ಡವಳು ಗುಂಡಿ ಸರಿಸಿ ಮತ್ತೆ ಬೀಗ ಹಾಕಿ ಟೇಪನ್ನು ಡ್ರೈವಿಗಿಟ್ಟಳು. ಅತ್ತೆಯ ಸ್ಕ್ಯಾನ್ ಆ ಉದ್ದದ ಪಟ್ಟಿಯ ಎಷ್ಟನೇ ಭಾಗದಲ್ಲಿದೆ ಎಂದು ನೋಡಬೇಕಿತ್ತು. ನೆನಪಿರಲಿಲ್ಲ. ಬೇರೆ ದಾರಿಯಿಲ್ಲದೆ ಕೈಚೀಲ ತೆರೆದು ನೀಲಿ ನೋಟ್‌ಬುಕ್ ಹೊರತೆಗೆದಳು.

"ಮೂರು ವರ್ಷದಿಂದ ಇದು ನಿಮ್ಮ ಚೀಲದಲ್ಲಿತ್ತಾ?"

"ನೀನೇನು ಕೇಳಿದ್ಯಾ?"

"ಕೇಳಿದ್ದೆ. ಎರಡು ಸಲ ಚೀಟಿ ಬರೆದಿಟ್ಟಿದ್ದೆ."

ಬರೆದದ್ದು ನಿಜ. ದೊಡ್ಡವಳು ಎರಡನ್ನೂ ಹರಿದು ಬುಟ್ಟಿಗೆ ಹಾಕಿದ್ದಳು.

ಅದೇ ಯಂತ್ರದಲ್ಲಿ ಹೊಸ ತಂತ್ರಾಂಶ ಬಿಟ್ಟು ಹಳೆಯ ಆಜ್ಞೆಯಿಂದ ಓದಿದಾಗ ಟೇಪು ತಕರಾರು ಮಾಡಲಿಲ್ಲ. ಮೂರಕ್ಕೆ ಹತ್ತು ನಿಮಿಷವಿರುವಾಗ ಚಿತ್ರ ಡಾಕ್ಟರ ಪರದೆಯ ಮೇಲಿತ್ತು. ಮಚ್ಚೆ ಏಳು ವರ್ಷದ ಹಿಂದೆಯೂ ಅಷ್ಟೇ ಇತ್ತು. ಆಪರೇಷನ್ ಬೇಡವೆಂದು ಡಾಕ್ಟರು ಬರೆದುಕೊಟ್ಟರು. ಯಾರ ಜಂಭವನ್ನೂ ಯಾರೂ ಇಳಿಸಲಿಲ್ಲ.

ಸಂಜೆ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದರು. ಅತ್ತೆ ದಿಂಬಿಗೊರಗಿ ಕೂತಿದ್ದರು. ಅವರ ನಾಲಿಗೆಗೆ ಯಾವ ಕೆಮ್ಮೂ ತಾಗಿರಲಿಲ್ಲ.

"ಡಾಕ್ಟರು ಫೋನ್ ಮಾಡಿದ್ರು. ಹಳೇ ಚಿತ್ರ ಸಿಕ್ಕಿದ್ದಕ್ಕೆ ಬಚಾವಾದೆ ಅಂತೆ," ಅಂದರು. "ಇಬ್ಬರಲ್ಲಿ ಒಬ್ಬಳಿಗಾದ್ರೂ ನಾನು ಬದುಕ್ಲಿ ಅಂತ ಇತ್ತಲ್ಲ, ಅಷ್ಟು ಸಾಕು. ಯಾರೇ ಅವಳು?"

ನಾನೇ ಎನ್ನಲು ದೊಡ್ಡವಳು ಬಾಯಿ ತೆರೆದಳು. ಚಿಕ್ಕವಳ ಕಣ್ಣು ಅವಳ ಕೈಚೀಲದ ಮೇಲಿತ್ತು. ಬಾಯಿ ಮುಚ್ಚಿಕೊಂಡಳು. ಚಿಕ್ಕವಳೂ ತನ್ನ ಹೆಬ್ಬೆರಳಿನ ಉಗುರನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಳು.

"ಕಿವಿ ಕೇಳಲ್ವೇನ್ರೇ ಇಬ್ಬರಿಗೂ? ಯಾರು ಅಂದೆ."

ದೊಡ್ಡವಳು ಹಾಲು ಕಾಯಿಸುವ ನೆಪದಲ್ಲಿ ಒಳಗೆ ಹೋದಳು. ಅತ್ತೆ ಮೂರನೇ ಸಲ ಕೇಳಿದ್ದು ಅಲ್ಲಿಗೂ ಕೇಳಿಸಿತು. ಚಿಕ್ಕವಳ ದನಿ ಕೇಳಿಸಲಿಲ್ಲ.