ತಂಗಡಿ ಗಿಡಕ್ಕೆ ಕಟ್ಟಿದ ಒಡ್ಡು

ದಢೇಸುಗೂರಿನ ಕಲ್ಯಾಣಮ್ಮನಿಗೆ ತನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅಂಗಳದ ತಂಗಡಿ ಗಿಡ ಒಂದೇ. ಮನೆ ಗಂಡನದು, ಗದ್ದೆ ಗಂಡನದು, ಮಾತೂ ಗಂಡನದೇ.

ಆಕೆ ಮುದಗಲ್ ಕಡೆಯ ಕಲ್ಲುಹೊಲದ ಹೆಣ್ಣು. ಕಾಲುವೆ ನೀರಿನ ಊರಿಗೆ ಸೊಸೆಯಾಗಿ ಬಂದಾಗ, ಮಳೆ ನಂಬಿದ ಊರಿನಾಕಿ ಎಂದು ನೆರೆಹೊರೆಯವರು ಆಡಿಕೊಂಡರು. ಆಡಿಕೊಳ್ಳುವುದಕ್ಕೆ ಅವರಪ್ಪನ ಗಂಟೇನು ಹೋಗಬೇಕು! ಕಲ್ಯಾಣಮ್ಮ ತವರಿನಿಂದ ಬರುವಾಗಲೆಲ್ಲ ಕೈಚೀಲದ ತುಂಬ ಕೆಂಪು ಗರಸು ಮಣ್ಣು ಹೊತ್ತು ಬಸ್ಸು ಇಳಿಯುತ್ತಿದ್ದಳು. ಕರಿಮಣ್ಣಿನ ಅಂಗಳದ ಮೂಲೆಯಲ್ಲಿ ಮೊಳಕಾಲೆತ್ತರ ದಿಬ್ಬ ಮಾಡಿ, ಅವ್ವನ ಹೊಲದ ಬದುವಿನಿಂದ ತಂದ ಬೀಜ ಊರಿದಳು. ಮೊದಲ ವರ್ಷ ಚೂರು ನೀರು ಹನಿಸಿದ್ದಷ್ಟೇ. ಆಮೇಲೆ ಗಿಡ ಯಾರನ್ನೂ ಏನೂ ಕೇಳಲಿಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಊರೆಲ್ಲ ಬಿಕೋ ಅನ್ನುವಾಗಲೂ ಹಸಿರಾಗಿಯೇ ನಿಲ್ಲುತ್ತಿತ್ತು. ಆಡು ಸಹ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ.

ದೀಪಾವಳಿ ಪಾಡ್ಯದ ದಿನ ಸಗಣಿಯಲ್ಲಿ ಮಾಡಿ ಬಾಗಿಲಲ್ಲಿಟ್ಟು ಪೂಜಿಸುವ ಪಾಂಡವರಿಗೆ ಮುಡಿಸಲು ತಂಗಡಿಯ ಹಳದಿ ಹೂವೇ ಆಗಬೇಕು. ಗದ್ದೆಯೂರಿನಲ್ಲಿ ಅದೆಲ್ಲಿ ಸಿಗಬೇಕು? ಆಡಿಕೊಂಡ ಹೆಂಗಸರೇ ನಸುಕಿನಲ್ಲಿ ತಟ್ಟೆ ಹಿಡಿದು, ನಾಕು ಹೂ ಕೊಡ್ರಿ ಅಕ್ಕಾ ಎಂದು ಬಂದು ನಿಲ್ಲುತ್ತಿದ್ದರು. ವರ್ಷಕ್ಕೊಮ್ಮೆ ಕಲ್ಯಾಣಮ್ಮನದೂ ಕೊಡುವ ಕೈಯಾಗುತ್ತಿತ್ತು. ಅವ್ವ ತೀರಿಕೊಂಡ ಮೇಲೆ ತವರಿನವರು ಹೊಲ ಮಾರಿದರು. ಕೊಂಡವರು ಕಲ್ಲಿಗಾಗಿ ಬದುವನ್ನೂ ಅಗೆದುಹಾಕಿದರು. ಇಲ್ಲಿ ಉದುರಿದ ಬೀಜ ಕರಿಮಣ್ಣಿನಲ್ಲಿ ಒಂದೂ ನಾಟಲಿಲ್ಲ. ಉಳಿದದ್ದು ಈ ಗಿಡವೊಂದೇ.

ಅದಕ್ಕೆ ನೀರು ಹಾಕಬೇಡಿ ಎಂದು ಗಂಡ ಕರಿಬಸಯ್ಯನಿಗೆ ಆಕೆ ಎಷ್ಟು ಸಲ ಹೇಳಿಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವನು ಹೂಂ ಅನ್ನುತ್ತ ರೊಟ್ಟಿ ಮುರಿಯುತ್ತಿದ್ದ.

ಹೋದ ಶ್ರಾವಣದಲ್ಲಿ ಗರ್ಭಕೋಶದ ಆಪರೇಷನ್ ಆಗಿ, ಕಲ್ಯಾಣಮ್ಮ ಲಿಂಗಸುಗೂರಿನಲ್ಲಿ ತಂಗಿ ವಿಜಯಶ್ರೀಯ ಮನೆಯಲ್ಲಿ ಉಳಿದಳು. ಒಂದು ದಿನ ಕರಿಬಸಯ್ಯ ಫೋನಿನಲ್ಲಿ, "ನಿನ್ನ ಗಿಡದ ಚಿಂತಿ ಬಿಡು, ನಾ ನೋಡ್ಕೊಳ್ಳಾಕತ್ತೀನಿ" ಅಂದ. ಮದುವೆಯಾದಾಗಿನಿಂದ ಅವನು ಆ ಗಿಡದ ಸುದ್ದಿ ತೆಗೆದದ್ದು ಅದೇ ಮೊದಲು. ಕಲ್ಯಾಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರು ಬದಲಾಗ್ಯಾರ ನೋಡು ಎಂದು ತಂಗಿಗೆ ಹೇಳಿದಳು.

ದಸರೆಗೆ ಮನೆಗೆ ಬಂದರೆ ದಿಬ್ಬವೇ ಇಲ್ಲ. ಕರಿಬಸಯ್ಯ ಅದನ್ನು ಕೆದರಿ ಸಮ ಮಾಡಿ, ಗಿಡದ ಸುತ್ತ ಭತ್ತದ ಮಡಿಗೆ ಕಟ್ಟುವಂತೆ ಒಡ್ಡು ಕಟ್ಟಿ, ದಿನಾ ಪೈಪು ಬಿಟ್ಟು ನೀರು ನಿಲ್ಲಿಸಿದ್ದ. ಮೇಲೆ ಎರಡು ಹಿಡಿ ಯೂರಿಯಾ ಬೇರೆ. ಭತ್ತ ಬೆಳೆದ ಕೈಗೆ ಗೊತ್ತಿದ್ದ ಪ್ರೀತಿ ಅಷ್ಟೇ. ಎಲೆಯೆಲ್ಲ ಉದುರಿತ್ತು. ಕಲ್ಯಾಣಮ್ಮ ಬುಡ ಹಿಡಿದು ಅಲುಗಿಸಿದಳು. ಕೊಳೆತ ಬೇರಿನ ನಾತದೊಡನೆ ಗಿಡ ಸಲೀಸಾಗಿ ಕೈಗೆ ಬಂತು.

ಕರಿಬಸಯ್ಯನ ಮುಖವೂ ಸಣ್ಣದಾಯಿತು, ಪಾಪ. ಇನ್ನೊಂದು ತಂದು ಹಚ್ಚಿದರಾಯಿತು ಎಂದ.

"ನೀರು ಹಾಕಬ್ಯಾಡ್ರಿ ಅಂತ ಇಷ್ಟು ವರ್ಷ ಹೇಳೀನಲ್ರಿ," ಎಂದಳು ಕಲ್ಯಾಣಮ್ಮ.

"ಯಾವಾಗ ಹೇಳಿದ್ದಿ ನೀ?"

ಅವನು ನಿಜವಾಗಿಯೇ ಕೇಳುತ್ತಿದ್ದ. ತಪ್ಪಿಸಿಕೊಳ್ಳಲು ಆಡಿದ ಮಾತಾಗಿದ್ದರೆ ಆಕೆ ನಾಲ್ಕು ಬೈದು ಹಗುರಾಗುತ್ತಿದ್ದಳು. ಈ ಮನೆಯಲ್ಲಿ ತಾನಾಡಿದ ಇನ್ನೆಷ್ಟು ಮಾತು ಅವನ ಕಿವಿಗೇ ಬಿದ್ದಿಲ್ಲವೋ ಎಂದು ನೆನೆಯುತ್ತ ಆಕೆ ಗಿಡವನ್ನು ನೆಲಕ್ಕಿಟ್ಟಳು.

ಅಂದಿನಿಂದ ಕಲ್ಯಾಣಮ್ಮ ಅವನಿಗೆ ಏನನ್ನೂ ಹೇಳುವ ಗೋಜಿಗೆ ಹೋಗಿಲ್ಲ. ಆಪರೇಷನ್ ಆದ ಮೇಲೆ ಹೆಂಡತಿ ಬಹಳ ಸಮಾಧಾನದಾಕೆ ಆಗಿದ್ದಾಳೆ ಎಂದು ಕರಿಬಸಯ್ಯ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಾನೆ.