ತಿರುವಿನಲ್ಲಿ ಆನೆ ಇರಲಿಲ್ಲ

ಯಳಂದೂರು ಕಡೆಯ ಅಗರದ ಚಿಕ್ಕಸಿದ್ದಯ್ಯ ಪೊಲೀಸ್ ಜೀಪು ಓಡಿಸಿ ನಿವೃತ್ತನಾದವನು. ಸರ್ವಿಸಿನ ಕಥೆಗಳನ್ನು ಮನೆಯಲ್ಲಿ ಬಾಯ್ತುಂಬ ಹೇಳುತ್ತಿದ್ದ. ಹನೂರಿನಾಚೆ, ಆನೆ ದಂತ, ಗಂಧದ ಮರದ ಕಳ್ಳರನ್ನು ಹಿಡಿಯಲು ಹಾಕಿದ್ದ ಕ್ಯಾಂಪಿನಲ್ಲಿ ತಾನಿದ್ದ ಎರಡು ವರ್ಷಗಳ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಆ ಕ್ಯಾಂಪಿನಲ್ಲಿ ಜೊತೆಗೆ ಕಾನ್‌ಸ್ಟೇಬಲ್ ಆಗಿದ್ದ ಶಿವನಂಜಯ್ಯ ಈ ವರ್ಷ ಕೊಳ್ಳೇಗಾಲದಿಂದ ಫೋನು ಮಾಡಿದ. “ಲೇ ಸಿದ್ದ, ಒಂದ್ಸಲ ಆ ಕ್ಯಾಂಪಿನ ಜಾಗ ನೋಡ್ಕಂಡು ಬರಾಣ ಬಾರ್ಲಾ. ಕಾಲು ಬಿದ್ದೋದ್ಮೇಲೆ ಆಗಕ್ಕಿಲ್ಲ.”

ಹನೂರಿನವರೆಗೆ ಬಸ್ಸು, ಅಲ್ಲಿಂದ ಆಟೋ. ಕ್ಯಾಂಪಿದ್ದ ಕಡೆ ಒಡೆದ ಸಿಮೆಂಟು ನೆಲ, ಅದರ ಮೇಲೆ ರಾಗಿ ಹುಲ್ಲಿನ ಮೆದೆ. ಶಿವನಂಜಯ್ಯ ಅಡುಗೆ ಶೆಡ್ಡು ಎಲ್ಲಿತ್ತೆಂದು ಕೈ ಮಾಡಿ ತೋರಿಸುತ್ತಿದ್ದ. ಚಿಕ್ಕಸಿದ್ದಯ್ಯನ ಕಣ್ಣು ಎದುರಿನ ಮನೆಗಳ ಮೇಲಿತ್ತು.

ತೊಂಬತ್ತಮೂರರಲ್ಲಿ ಆ ಊರಿನ ದೊಡ್ಡಮಾದಪ್ಪನನ್ನು, ಕಳ್ಳರಿಗೆ ಅಕ್ಕಿ ಕೊಟ್ಟನೆಂದು ಜೀಪಿಗೆ ಹತ್ತಿಸಿದ್ದರು. ಓಡಿಸುತ್ತಿದ್ದವನು ಚಿಕ್ಕಸಿದ್ದಯ್ಯ, ಹಿಂದೆ ಕಾವಲಿಗೆ ಶಿವನಂಜಯ್ಯ. ಹೆಂಡತಿಗೆ ದಿನ ತುಂಬಿದೆಯೆಂದು ದೊಡ್ಡಮಾದಪ್ಪ ದಾರಿಯುದ್ದಕ್ಕೂ ಅಳುತ್ತಿದ್ದ. ಏರಿನ ತಿರುವಿನಲ್ಲಿ ಜೀಪು ನಿಧಾನವಾಯಿತು. ಆತ ನೆಗೆದು ಕಾಡು ಸೇರಿದ. ಆನೆ ಅಡ್ಡ ಬಂತೆಂದು ಚಿಕ್ಕಸಿದ್ದಯ್ಯ ವಿಚಾರಣೆಯಲ್ಲಿ ಹೇಳಿದ. ತೂಕಡಿಸುತ್ತಿದ್ದನೆಂದು ಶಿವನಂಜಯ್ಯನ ಬಡ್ತಿ ನಿಂತಿತು.

“ಯಾರು ನೀವು?”

ಮೆದೆಯ ಹಿಂದಿನಿಂದ ಐವತ್ತರ ಆಸುಪಾಸಿನವನೊಬ್ಬ ಕುಂಟುತ್ತ ಬಂದ. ಕೈಯಲ್ಲಿ ಕುಡುಗೋಲು.

“ಇಲ್ಲಿ ಡ್ಯೂಟಿ ಮಾಡಿದ್ದೋರು ಕಣಪ್ಪ,” ಎಂದ ಶಿವನಂಜಯ್ಯ ಹೆಮ್ಮೆಯಿಂದ. “ತೊಂಬತ್ಮೂರ್ರಲ್ಲಿ.”

ಆತ ಮನೆಗಳ ಕಡೆ ತಿರುಗಿ ಜೋರಾಗಿ ಕೂಗು ಹಾಕಿದ. ನಾಲ್ಕೈದು ಜನ ಬಂದು ಸುತ್ತ ನಿಂತರು. ಆಟೋದವನು ಗಾಡಿ ಸ್ಟಾರ್ಟ್ ಮಾಡಿಕೊಂಡ.

“ನಾನು ಮಾದೇಶ. ದೊಡ್ಡಮಾದಪ್ಪನ ತಮ್ಮ. ನಮ್ಮಣ್ಣ ತಪ್ಪುಸ್ಕಂಡ, ಮಾರ್ನೇ ದಿನ ಅವನ್ ಬದ್ಲು ನನ್ನ ತಕಂಡೋದ್ರಿ. ಈ ಕಾಲು ಅವತ್ತಿಂದು.” ಪಂಚೆ ಮೇಲೆತ್ತಿ ತೋರಿಸಿದ. “ನಿನ್ನ ಯಾರೂ ಕರ್ಕಂಡೋಗೇ ಇಲ್ಲ ಅಂತ ಸರ್ಕಾರ್ದೋರು ಕಾಗ್ದ ಬರ್ದವ್ರೆ. ಪರಿಹಾರಕ್ಕೆ ಎಷ್ಟು ಅರ್ಜಿ ಆಕುದ್ರೂ ಅದೇ ಮಾತು.”

ಶಿವನಂಜಯ್ಯ ಒಂದು ಹೆಜ್ಜೆ ಹಿಂದೆ ಸರಿದು ಗೆಳೆಯನ ತೋಳು ಎಳೆದ. “ನಡೀಲಾ, ಓಗಾಣ.”

ಚಿಕ್ಕಸಿದ್ದಯ್ಯ ಅಲುಗಲಿಲ್ಲ. “ನಿಮ್ಮಣ್ಣ ಇದ್ದಾನಾ?”

“ಅವ್ನೆ. ತಾಳವಾಡಿ ಕಡೆ ಎರಡು ವರ್ಷ ಬಚ್ಚಿಟ್ಕಂಡಿದ್ದು ಬಂದ.”

“ಶಿವನಂಜ, ಆನೆ ಇರ್ಲಿಲ್ಲ ಕಣ್ಲಾ. ಅವ್ನು ನೆಗೀಲಿ ಅಂತ ನಾನೇ ನಿಧಾನ ಮಾಡ್ದೆ.” ಚಿಕ್ಕಸಿದ್ದಯ್ಯ ಮಾದೇಶನ ಕಡೆ ತಿರುಗಿದ. “ನಿನ್ನ ತಕಂಡೋದ ಜೀಪೂ ನಾನೇ ಓಡ್ಸಿದ್ದು. ಅವತ್ತು ನಿಧಾನ ಮಾಡಕ್ಕೆ ಧೈರ್ಯ ಬರ್ಲಿಲ್ಲ.”

ಮಾದೇಶ ಕುಡುಗೋಲು ಬಿಗಿಹಿಡಿದ. ಯಾರೋ ಅವನ ಭುಜ ಅದುಮಿದರು. ಕುಡುಗೋಲು ಕೆಳಗಿಳಿಸಿ ಅವನು ಕೇಳಿದ್ದು ಒಂದೇ ಮಾತು: “ಇದ್ನ ಬರ್ದು ಕೊಡ್ತೀಯಾ?”

ಯಾರದೋ ನೋಟುಬುಕ್ಕಿನ ಹಾಳೆ ಬಂತು. ಚಿಕ್ಕಸಿದ್ದಯ್ಯ ಸಿಮೆಂಟು ನೆಲದ ಮೇಲೆ ಕುಳಿತು ತಾರೀಕು, ಜೀಪಿನ ನಂಬರು ಎಲ್ಲ ಬರೆದು ಸಹಿ ಹಾಕಿದ. ಶಿವನಂಜಯ್ಯ ಆಗಲೇ ಆಟೋದಲ್ಲಿ ಮುಖ ತಿರುಗಿಸಿ ಕುಳಿತಿದ್ದ. ಹಾಳೆ ಮಡಿಚಿಕೊಂಡ ಮಾದೇಶ ಹೋಗಿಬನ್ನಿ ಎನ್ನಲಿಲ್ಲ, ತಡೆಯಲೂ ಇಲ್ಲ.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟು ಹಿಡಿದರು. ಕೊಳ್ಳೇಗಾಲದಲ್ಲಿ ಇಳಿದು ಯಳಂದೂರು ಬಸ್ಸಿನತ್ತ ಹೊರಟ ಚಿಕ್ಕಸಿದ್ದಯ್ಯನನ್ನು ಶಿವನಂಜಯ್ಯ ಹಿಂದಿನಿಂದ ಕೂಗಿದ.

“ಮೂವತ್ತು ವರ್ಷ ನನ್ನ ಎದ್ರುಗೇ ಸುಳ್ಳೇಳ್ದಲ್ಲೋ!” ಅವನ ಕಣ್ಣು ಕೆಂಪಾಗಿತ್ತು. ಹತ್ತಿರ ಬಂದು, “ಆ ತಮ್ಮನ್ನ ರಟ್ಟೆ ಇಡ್ದು ಜೀಪ್ಗೆ ಅತ್ತಿಸ್ದೋನು ನಾನೇ ಅಲ್ವೇನ್ಲಾ. ಆ ಕಾಗ್ದದಲ್ಲಿ ನನ್ನೆಸ್ರೂ ಇರ್ಬೇಕು” ಎಂದ.

ಮುಂದಿನ ಸೋಮವಾರ ಇಬ್ಬರೂ ಮತ್ತೆ ಹನೂರು ಬಸ್ಸು ಹತ್ತಿದರು.